ಎರಡನೇದು

ಮೊದಲನೇದು ಇನ್ನೂ ತೂಗತೈತಿ, ಪಡಸಾಲಿ ಕೊಂಡಿಗೆ.
ಎರಡು ತೊಟ್ಟಿಲ ತೂಗಿದ ಕೊಂಡಿ ಅದು.
ಮೂಗು ಜಜ್ಜಿ ಒಳಗ ಹೋಗೇತಿ, ಬಾಲ ಮಾತ್ರ ಹೊಸಾದು.
ಫ್ಯಾನು ತಿರುಗಿದರ ಸಾಕು, ಒಂದೂವರಿ ಮೀಟರಿನ ರೆಕ್ಕಿ
ಗ್ವಾಡಿ ಕಡೆ ಹೊಳ್ಳತೈತಿ, ಮತ್ತ ನನ್ನ ಕಡೆ ಹೊಳ್ಳತೈತಿ.

ಯಳ್ಳೂರ ಗಡದ ಪಡುವಣ ಅಂಚಿನಾಗ ನಿಂತು ಬಿಟ್ಟಿದ್ದೆ.
ಆಗಸ್ಟಿನ ಗಾಳಿ, ಕೆಳಗಿಂದ ಬಂದು ಅಂಗಿ ಉಬ್ಬಿಸುವಂಥಾದು.
ಹನ್ನೊಂದು ನಿಮಿಷ ಗುಡ್ಡದ ಎದಿಗುಂಟ
ಹೋತು, ಬಂತು, ಹೋತು.
ಒಂದು ಹದ್ದು ಬಂದು ಜೋಡಿಯಾಗಿ ನಿಂತು
ನಮ್ಮ ಮನಿತನ ವಿಚಾರಿಸಿದಂಗ ನೋಡಿ ಹೋತು.
ಹನ್ನೆರಡನೇ ನಿಮಿಷಕ್ಕ ನನಗ ಆಸೆ ಹುಟ್ಟಿತು,
ಕ್ವಾಟಿ ಗ್ವಾಡಿ ದಾಟಿಸಿ ಹಿಂದಿನ ಬಯಲಿಗೆ ಇಳಿಸಬೇಕಂತ.
ಗಾಳಿ ಗುಡ್ಡ ಏರೂದು ಹುಲ್ಲಿನಾಗ ಕಾಣತೈತಿ;
ಏರಿದ ಮ್ಯಾಲ ಹಿಂದ ಬಿದ್ದು ಹೊರಳಾಡೂದು
ಯಾರಿಗೂ ಕಾಣೂದಿಲ್ಲ.
ರಿಮೋಟಿನ ಕಡ್ಡಿ ಎದಿಗೆ ಜಗ್ಗಿದೆ, ಜಗ್ಗಿದೆ.

ಭತ್ತದ ಗದ್ದಿಯಿಂದ ಒಬ್ಬ ಮುದುಕ ತಲಿ ಮ್ಯಾಲ ಹೊತ್ತು ತಂದ,
ಮೇವಿನ ಸಿವುಡು ತಂದಂಗ.
“ಹೇ ತುಮಚ ಹಾಯ ಕಾಯ?” ಅಂದ.
ಹೌದು ಅನ್ನಲಿಕ್ಕ ಬಾಯಿ ಬರಲಿಲ್ಲ.

ಈಗ ಮೇಜಿನ ಮ್ಯಾಲ ಮೂರು ನಕಾಶೆ,
ಸುರುಳಿ ಸುತ್ತಬಾರದಂತ ಮೂಲಿಗೊಂದು ಎರಕದ ತುಂಡು.
ಒಂದು, ಮೂರು ಮೀಟರಿನ ದೊಡ್ಡಾಕಿ.
ಮೇದು ಬಂದ ಎಮ್ಮಿ ನಡದಂಗ ನಿಧಾನ.
ಬಿಸಿಲಾಗ ಏರುವ ಗಾಳಿ ಸಿಕ್ಕರ
ಸಂಜಿತನಕ ಕೆಳಗ ಬರೂದಿಲ್ಲಂತ.
ಖರೇ, ಆದರ ಸ್ಕೂಟರಿನ ಮ್ಯಾಲ ಒಯ್ಯೂದು ಹ್ಯಾಂಗ?
ಅರ್ಧಕ್ಕ ಬಿಚ್ಚಿದರೂ ಗೋವಾವೇಸಿನಾಗ
ಯಾರದರ ಮೂಗಿಗೆ ತಾಕೂದ.
ಇನ್ನೊಂದಕ್ಕ ಬಾಲಾನ ಇಲ್ಲ, ಥರ್ಮಾಕೋಲಿನ ಬರೀ ರೆಕ್ಕಿ.
“ಬಿದ್ದರ ಮುರಿಯೂದಿಲ್ಲ ಕಾಕಾ,” ಅಂತಾನ ಅಂಗಡಿ ದಸ್ತಗೀರ.
ಮೂವತ್ತು ವರ್ಷ ಉದ್ಯಮಬಾಗದಾಗ
ಸಾಗವಾನಿ ಪ್ಯಾಟರ್ನು ಕೆತ್ತಿದಾವ ನಾ,
ಥರ್ಮಾಕೋಲ್ ಕೊಯ್ದು ಹೆಸರ ಕೆಡಿಸ್ಕೊಳ್ಳಲೇನು?
ಮೂರನೇದು, ತೂಗಾಡೂ ಇದರ ತಂಗಿ.
ರೆಕ್ಕಿಯ ತುದಿ ಎರಡೂ ಮ್ಯಾಲಕ್ಕ ಬಾಗ್ಯಾವು,
ಕೈ ಬಿಟ್ಟರ ತಾನ ನೆಟ್ಟಗಾಗತೈತಿ.
ಐವತ್ತಾರರ ಕಣ್ಣಿಗೆ ಇದ ಬೇಷ್, ಅಂತ
ಪೆನ್ಸಿಲ್ ಚೂಪು ಮಾಡಲಿಕ್ಕೆ ಹತ್ತಿದ್ದೆ.

ನಾಕನೇದೊಂದೈತಿ. ಸುತ್ತಿ ಬೀರುವಿನ ಹಿಂದ ಇಟ್ಟೇನಿ.
ರೆಕ್ಕಿ ತೆಳ್ಳಗ, ಸಪಾಟ, ಈಳಿಗಿ ಅಲಗಿನಂಗ,
ಹಿಂದಿನ ಅಂಚಿಗೆ ಎರಡು ಐಲೆರಾನ್.
ಹೊಳ್ಳಿಸಿದರ ಹೊಳ್ಳಿದಂಗ ಇರತೈತಿ,
ತಿರುಗಿ ನೆಟ್ಟಗ ಮಾಡೂದು ನಿನ್ನ ಪಾಡು.

ತ್ರಿಶಲಾ ಬಂದಳು, ಹೊಲಿಗಿ ಮಶೀನಿನ ಎಣ್ಣಿ ಕೈ ಒರಸಿಕೊಂತ.
ಮೊದಲನೇದಕ್ಕ ಹಳದಿ ಹಾಳಿ
ತನ್ನ ಇಸ್ತ್ರಿಯಿಂದ ಅಂಟಿಸಿದಾಕಿ ಆಕಿ.
ಒಂದು ಸುಕ್ಕಿಲ್ಲ; ಬಿದ್ದ ಮ್ಯಾಲೂ ಇಲ್ಲ.
ಎರಡು ವರ್ಷದಾಗ ಆಕಿ ಕೈಗೆ ರಿಮೋಟು ಕೊಟ್ಟಿಲ್ಲ ನಾ.
“ನೀ ಎಸಿ” ಅಂದೇನಿ, “ಎಲ್ಲಿ ಬಿತ್ತು ನೋಡು” ಅಂದೇನಿ.

“ಈ ಸಲ ನಾ ಹಾರಸ್ತೀನಿ.”

ಮೂರನೇ ನಕಾಶೆ ಮುಂದ ಸರಿಸಿದೆ.
ಇದು ಭಾಳ ಸಾಧು, ನೀ ತಪ್ಪಿದರೂ ತಾನ ಸರಿ ಹೋಗತೈತಿ.
ಬಗ್ಗಿ ನೋಡಿದಳು,
ಮಂದಿ ಕೊಟ್ಟ ಅಳತಿ ಬ್ಲೌಸು ನೋಡಿದಂಗ.
“ಬ್ಯಾಡ. ನಾ ತಪ್ಪಿದ್ದು ನನಗ ಗೊತ್ತಾಗಬೇಕಲ್ಲ.
ಬೀರುವಿನ ಹಿಂದಿಂದು ತಗೀರಿ.”

ಎರಕ ಆರಿದರ ಕುಗ್ಗತೈತಿ, ನೂರಕ್ಕ ಒಂದು.
ಅದಕ್ಕ ಪ್ಯಾಟರ್ನು ಯಾವತ್ತೂ ತುಸು ದೊಡ್ಡದು ಮಾಡತೇವಿ,
ಕೈಗೆ ಬಿದ್ದ ರೂಢಿ.
ರಾತ್ರಿ ಕುಂತು ಬಾಲ್ಸಾದ ಮೊದಲನೇ ಪಕ್ಕೆಲುಬು ಕೊಯ್ದು
ನಕಾಶೆ ಮ್ಯಾಲ ಇಟ್ಟರ, ಒಂದು ಗೆರಿಯಷ್ಟು ದೊಡ್ಡದು.
ಈ ಕಟಗಿಗೆ ಕುಗ್ಗೂ ಚಿಂತಿ ಇಲ್ಲ,
ನನ್ನ ಕೈಗೆ ಯಾರು ಹೇಳಬೇಕು?
ಆಕಿ ಏನೂ ಅನ್ನದ ಪಾಲಿಶ್ ಕಾಗದ ಮುಂದ ಇಟ್ಟಳು.

ಇನ್ನೂ ಇಪ್ಪತ್ತೊಂದು ಆಗಬೇಕು.
ಮುಂಜಾನೆ ಪತ್ತಾರ ಮೌನೇಶಪ್ಪನ ತಕ್ಕಡಿಯಾಗ ತೂಗಿಸಿದೆ.
ಒಂದೂವರಿ ಗ್ರಾಮಿಗೂ ಕಡಿಮಿ.
ಕನ್ನಡಕ ಏರಿಸಿ, ಎತ್ತಿ ಬೆಳಕಿಗೆ ಹಿಡದ,
“ಇಷ್ಟ ಹಗುರಂದು ಯಾರಿಗೆ?” ಅಂದ.
ಮನಿಯಾಕಿಗೆ, ಅಂದೆ.
ಅಂವ ನಂಬಲಿಲ್ಲ.