ಅದಿಷಿಯ ಹೊಳೆ, ನೀಲಿ ರಟ್ಟಿನ ಪುಸ್ತಕ

ನಮ್ಮಲ್ಲಿ ನಾಲ್ಕೇ ಮಂಚ. ರಾತ್ರಿಗೆ ಬಿಸಿನೀರು,
ಬೆಳಿಗ್ಗೆಗೆ ಮಾಂಸ ತುಂಬಿದ ರೊಟ್ಟಿ, ಬೆಳ್ಳುಳ್ಳಿ ಅರೆದ ಉಪ್ಪು.
ಗೂಟಕ್ಕೆ ನೇತುಹಾಕಿದ ನೀಲಿ ರಟ್ಟಿನ ಪುಸ್ತಕ:
ಹೋಗುವವರು ಬರೆಯುತ್ತಾರೆ, ಬರುವವರು ಓದುತ್ತಾರೆ,
ನಾನು ಧೂಳು ಹೊಡೆಯುತ್ತೇನೆ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುವ ಲೋಕ.
ಇಲ್ಲಿ ಅಂಬಿಗ ಅಂದರೆ ಕುದುರೆ.
ಆಚೆಯಿಂದ ದಾಟಿ ಬಂದವರು ಒದ್ದೆ ಕಾಲಲ್ಲೇ ಕೂತು
ಈಚೆಯಿಂದ ಹೋಗುವವರಿಗಾಗಿ ಬರೆಯುತ್ತಾರೆ:
"ಒಂಬತ್ತರೊಳಗೆ ಹೋಗಿ, ಆಗ ನೀರು ಮೊಣಕಾಲು.
ಮಧ್ಯಾಹ್ನಕ್ಕೆ ಹಿಮ ಕರಗಿ ಸೊಂಟ." ಯಾಗೋದಾ, ಪೋಲೆಂಡ್.
"ಶೂ ಬಿಚ್ಚಬೇಡಿ, ಕಲ್ಲು ಕಚ್ಚುತ್ತದೆ."
"ಮುದುಕಿ ಗಿಣ್ಣು ಕೊಟ್ಟರೆ ಬೇಡ ಅನ್ನಬೇಡಿ."
(ಮೈದುನನ ಮಗ ಫೋನು ಹಿಡಿದು ಓದಿ ಹೇಳಿದ.
ಮುದುಕಿ ಅಂದರೆ ನಾನು. ನನಗಿನ್ನೂ ಐವತ್ತೊಂದು.)

ಆಗಸ್ಟಿನಲ್ಲಿ ಟೋರ್ಕಿಲ್ ಬಿದ್ದ.
ಡೆನ್ಮಾರ್ಕಿನವನು, ಬಾಗಿಲಿಗೆ ತಲೆ ತಾಗುವ ಎತ್ತರ.
ನಡುನೀರಲ್ಲಿ ನಿಸ್ಲಿಯಾ (ಹೆಸರಿಗೂ ಮಂಜು, ಬಣ್ಣಕ್ಕೂ ಮಂಜು)
ಮುಂಗಾಲು ಮಡಿಸಿತು.
ಅದೇ ಬಾಗಿಲು ಕಿತ್ತು, ಮಲಗಿಸಿ,
ಸಿಗ್ನಲ್ ಸಿಗುವ ಬಂಡೆಯ ತನಕ ಹೊತ್ತೆವು.
ವಿಮೆ ಇದೆ, ವಿಮೆ ಇದೆ ಎಂದು ನಮ್ಮನ್ನೇ ಸಮಾಧಾನ ಮಾಡಿದ.
ಆ ತುದಿಯಲ್ಲಿ ಯಾರೋ ಹೆಂಗಸು ಬಲು ಮೃದುವಾಗಿ
ಕುದುರೆ ಸೇರಿಲ್ಲ ಎಂದಳು.

ಜೀಪು ಬರಲು ಎರಡು ರಾತ್ರಿ. ಮಲಗಿಕೊಂಡೇ ಬರೆದ, ಅಕ್ಷರವೆಲ್ಲ ಓರೆ:
"ನಾಲ್ಕು ನಿಮಿಷದಲ್ಲಿ ಕೊಂಡೆ. ಇದ್ದುದರಲ್ಲಿ ಅಗ್ಗದ್ದು.
ನೀವು ಆರನೆಯ ಪುಟ ಓದಿ. ಕುದುರೆ ಎಂಬ ಮಾತು ಎಲ್ಲಿದೆ, ಹುಡುಕಿ.
ಬೆಟ್ಟ ಇಳಿಸುವ ಗಾಡಿಗೆ ಯಾರು ಕೊಡುತ್ತಾರೆ, ಕೇಳಿ.
ಮೊದಲು ನಾವು ಕೊಟ್ಟು ಆಮೇಲೆ ಬೇಡಬೇಕೋ, ಅದನ್ನೂ ಕೇಳಿ.
ಹಳೆಯ ನೋವು ಇದ್ದರೆ ಮುಚ್ಚಿಡಬೇಡಿ.
ಸೂಪು ಚೆನ್ನಾಗಿತ್ತು."

ಕೊನೆಯಿಂದ ಎರಡನೆಯ ಸಾಲನ್ನು ಹುಡುಗನಿಂದ ಮತ್ತೆ ಓದಿಸಿದೆ.

ನಿಸ್ಲಿಯಾಗೆ ಹಳೆಯ ನೋವಿತ್ತು.
ಎರಡು ಚಳಿಗಾಲದ ಹಿಂದೆ, ಸೌದೆ ಎಳೆಯುವಾಗ, ಎಡ ಮುಂಗಾಲು.
ನನಗೆ ಗೊತ್ತಿತ್ತು. ಮೈದುನ ಬೆಜಾನನಿಗೆ ಗೊತ್ತಿತ್ತು.
ಇರುವುದು ಎರಡೇ ಕುದುರೆ; ಆ ದುಡ್ಡಲ್ಲೇ ಚಳಿಗಾಲದ ಹಿಟ್ಟು.

ಹಿತ್ತಲಲ್ಲಿ ಅರ್ಧ ಗೋಪುರ ನಿಂತಿದೆ.
ಗಂಡನ ಮುತ್ತಜ್ಜಂದಿರು ಕಂತು ಕಂತಾಗಿ ಕಲ್ಲು ಕಟ್ಟಿದ್ದು.
ಹಗೆಗಳಿಂದ ಕಾಯಿತು, ನೂರಾರು ವರ್ಷ, ಮಾತಿಗೆ ತಪ್ಪದೆ.
ಹಿಮ ಜಾರಿ ಬಂದರೂ ಕಾಯುತ್ತೇನೆಂದು
ಅದು ಯಾವತ್ತೂ ಹೇಳಿರಲಿಲ್ಲ.
ಕೇಳಿದವರೂ ಇರಲಿಲ್ಲ.

ಆ ರಾತ್ರಿ ಪುಸ್ತಕ ಇಳಿಸಿ ನಾನೂ ಒಂದು ಸಾಲು ಬರೆದೆ:
"ಬೂದು ಕುದುರೆಯ ಎಡ ಮುಂಗಾಲಿಗೆ ಹಳೆಯ ನೋವು. ಕಂದು ಕೇಳಿ."
ನಮ್ಮ ಬಳ್ಳಿಯಂಥ ಅಕ್ಷರದಲ್ಲಿ ಬರೆದೆ,
ಬರುವವರಾರಿಗೂ ಓದಲು ಬಾರದ ಅಕ್ಷರದಲ್ಲಿ.
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಸೆಪ್ಟೆಂಬರಿನಲ್ಲಿ ಬುಸಾನಿನ ಹುಡುಗಿ, ಯೂರಿಮ್.
ಪುಸ್ತಕ ಮೊದಲಿಂದ ಓದಿದಳು, ಟೋರ್ಕಿಲನ ಪುಟದಲ್ಲಿ ನಿಂತಳು.
ಬಂಡೆ ಹತ್ತಿ ಮುಕ್ಕಾಲು ಗಂಟೆ
ಕುದುರೆ, ಕುದುರೆ ಎಂದು ಫೋನಿಗೆ ಬಿಡಿಸಿ ಬಿಡಿಸಿ ಹೇಳಿದಳಂತೆ.
ಎರಡು ಊಟದಷ್ಟು ಹೆಚ್ಚು ಕಟ್ಟಿ ಇಳಿದು ಬಂದಳು.
ಆಮೇಲೆ ನನ್ನ ಸಾಲಿನ ಮೇಲೆ ಫೋನು ಹಿಡಿದಳು.
ನಾನು ಈರುಳ್ಳಿ ಹೆಚ್ಚುತ್ತಿದ್ದೆ.
ಹೆಚ್ಚುತ್ತಲೇ ಇದ್ದೆ.

ಬೆಳಿಗ್ಗೆ ಎಂಟೂವರೆ. ಬೆಜಾನ್ ನಿಸ್ಲಿಯಾದ ಹಗ್ಗ ಚಾಚಿದ.
ಅವಳು ಕಂದು ಕುದುರೆಯತ್ತ ಬೆರಳು ತೋರಿದಳು.
ಏನೂ ಆಗಲಿಲ್ಲ.
ನೀರು ಮೊಣಕಾಲು, ಯಾಗೋದಾ ಹೇಳಿದಷ್ಟೇ.
ಕಟ್ಟಿದ ದುಡ್ಡು ದಂಡವಾಯಿತು;
ದಂಡವಾಗಲಿ ಎಂದೇ ಕಟ್ಟಿದ್ದಲ್ಲವೇ ಅದು.

ಬೆಜಾನ್ ಹನ್ನೊಂದು ದಿನ ನನ್ನೊಡನೆ ಮಾತು ಬಿಟ್ಟ.
ನಿಸ್ಲಿಯಾ ಈಗ ಗೋಪುರದ ನೆರಳಲ್ಲಿ ಮೇಯುತ್ತದೆ.
ಪುಸ್ತಕದಲ್ಲಿ ನನ್ನ ಸಾಲಿನ ಕೆಳಗೆ
ಅದೇ ಮಾತು ಯೂರಿಮಳ ಗುಂಡು, ಗೆರೆಗಳಲ್ಲಿ.
ಅದರ ಕೆಳಗೆ ಇನ್ಯಾರದೋ ಕೈ.
ಅದರ ಕೆಳಗೆ, ಅಕ್ಷರವನ್ನೇ ನಂಬದ ಯಾರೋ
ಒಂದು ಕುದುರೆ ಬರೆದು
ಎಡ ಮುಂಗಾಲಿಗೆ ಬಟ್ಟೆ ಸುತ್ತಿದ್ದಾರೆ.