ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು

ಬೈತಖೋಲ ಬಂದರಿನಲ್ಲಿ ನನ್ನ ಕಸುಬು ಕೇಳುವುದು.
ಉದ್ದನೆ ಸ್ಕ್ರೂಡ್ರೈವರಿನ ಮೂತಿ ಇಂಜಿನಿನ ಮೈಗೆ,
ಹಿಡಿ ನನ್ನ ಕಿವಿಯ ಹಿಂದಿನ ಎಲುಬಿಗೆ.
ಯಾವ ವಾಲ್ವು ಬಿಗಿ, ಯಾವ ಬೇರಿಂಗು ಸವೆದಿದೆ,
ಯಾವ ನಾಜಲ್ ಡೀಸೆಲ್ ಚಿಮ್ಮದೆ ಜೊಲ್ಲು ಸುರಿಸುತ್ತಿದೆ,
ಎಲ್ಲ ಹೇಳಿಬಿಡುತ್ತೇನೆ, ಬೋಲ್ಟು ಬಿಚ್ಚುವ ಮೊದಲೇ.

ಮನೆಯ ಬೆಕ್ಕಿನ ವಿಷಯ ಮಾತ್ರ ತಿಳಿಯಲಿಲ್ಲ.

ಹೆಸರು ಶೆಟ್ಲಿ. ಟ್ರಾಲರೊಂದರ ಇಂಜಿನ್ ಗುಂಡಿಯಲ್ಲಿ
ಎಣ್ಣೆ ಬಟ್ಟೆಯ ಮುದ್ದೆಯೊಳಗೆ ಸಿಕ್ಕಿದ್ದು,
ಒಣ ಸಿಗಡಿಯ ಹಾಗೆ ಬಾಗಿ, ಹೆಚ್ಚುಕಡಿಮೆ ಅಷ್ಟೇ ತೂಕ.
ತಾಯಿ ದಡದಲ್ಲೇ ಉಳಿದಿತ್ತೋ, ನೀರಿಗೆ ಬಿದ್ದಿತ್ತೋ.
ಮೂರು ದಿನ ಕಡಲಲ್ಲಿದ್ದು ಬಂದ ಬೋಟು ಅದು.
ಆರು ಸಿಲಿಂಡರು, ಹಗಲೂ ರಾತ್ರಿ.

ಮೂರು ವರ್ಷವಾಯಿತು. ಬೆಳೆದಿದೆ,
ನೋಗಲಿಯ ತಲೆ ಬಿಟ್ಟು ನಡು ಮಾತ್ರ ತಿನ್ನುವಷ್ಟು ಸೊಕ್ಕೂ ಬಂದಿದೆ.
ಗದ್ದದಡಿ ಕೆರೆದರೆ ಕಣ್ಣು ಮುಚ್ಚುತ್ತದೆ.
ಆದರೆ ಗುರುಗುರು? ಇಲ್ಲ.
ಕೋಡಿಬಾಗದ ಲುವಿಜಾ ಬಾಯಿಯ ಬೆಕ್ಕಾದರೆ
ನೀವು ಗೇಟು ತೆಗೆಯುವುದರೊಳಗೆ ಸ್ಟಾರ್ಟ್,
ಪಕ್ಕದ ಮನೆಯವರು ಮಿಕ್ಸರ್ ಅಂದುಕೊಳ್ಳಬೇಕು.

ಕೇಳಿದವರೆಲ್ಲ ಒಂದೊಂದು ಹೇಳಿದರು.
"ತಾಯಿ ಕಲಿಸಬೇಕು, ಇದಕ್ಕೆ ಯಾರು ಕಲಿಸ್ಯಾರೆ?" ಎಂದಳು
ಮೀನು ಬುಟ್ಟಿ ಇಳಿಸುತ್ತ ಚಂದ್ರಭಾಗಾ ತಾಂಡೇಲ.
ಅಷ್ಟು ದೊಡ್ಡ ಇಂಜಿನಿನ ಪಕ್ಕ ಕಣ್ಣು ಬಿಟ್ಟದ್ದು
ತನ್ನ ಸದ್ದಿಗೆ ತಾನೇ ನಾಚಿಕೊಂಡಿರಬೇಕು, ಎಂದ ಹೆಲ್ಪರ್ ಹುಡುಗ ರೋಶ.
ಹೆಂಡತಿ ಹೇಳಿದ್ದು ಬೇರೆ:
"ಹಗಲೆಲ್ಲ ಎಂಟು ಬೋಟಿನ ಗದ್ದಲ ಕೇಳಿ ಬರ್ತೀರಿ.
ನಾನು ಕರೆದದ್ದೇ ಎರಡನೇ ಸಲಕ್ಕೆ ಕೇಳ್ತದೆ ನಿಮಗೆ.
ಬೆಕ್ಕಿನ ಮೇಲೆ ಯಾಕೆ ತಪ್ಪು ಹಾಕ್ತೀರಿ?"

ಆ ರಾತ್ರಿ, ಸುಳ್ಳೇಕೆ ಹೇಳಲಿ,
ಸ್ಕ್ರೂಡ್ರೈವರಿನ ಮೂತಿಗೆ ಬಟ್ಟೆ ಸುತ್ತಿ
ಮಲಗಿದ ಶೆಟ್ಲಿಯ ಪಕ್ಕೆಗೆ ತಾಗಿಸಿದೆ.
ಒಂದು ಕಣ್ಣು ತೆರೆದು ನೋಡಿತು,
ಬಿಲ್ಲು ಹೆಚ್ಚು ಬರೆದ ದಿನ ಬೋಟಿನ ಮಾಲಕ ನೋಡುವ ಹಾಗೆ.
ಎದ್ದು ಅಕ್ಕಿ ಡಬ್ಬಿಯ ಮೇಲೆ ಹೋಗಿ ಕೂತಿತು.

ಮಳೆಗಾಲದ ರಜೆ, ಬೋಟೆಲ್ಲ ದಡ ಹತ್ತಿದ್ದವು.
ಯಾರೋ ಬಿಟ್ಟುಹೋದ ಗಾಳದ ಕೊಕ್ಕೆ
ತುಟಿಗೆ ಚುಚ್ಚಿಸಿಕೊಂಡು ಬಂತು.
ಗೋಣಿಯಲ್ಲಿ ಸುತ್ತಿ, ಸ್ಕೂಟರಿನ ಮುಂದಿಟ್ಟುಕೊಂಡು
ಪಶು ಆಸ್ಪತ್ರೆಗೆ ಓಡಿದೆ.
ಡಾಕ್ಟರ್ ಬಾಂದೇಕರ್ ಬಾಯಿ
ಕೊಕ್ಕೆಯ ಮುಳ್ಳಿಗೆ ಇಕ್ಕಳ ಹಾಕಿದಾಗ
ನನ್ನ ಅಂಗೈ ಕೆಳಗೆ ಶುರುವಾಯಿತು.
ಗೊರ ಗೊರ ಗೊರ ಗೊರ.
ಒಂದೇ ಸಮ. ಎಲ್ಲೂ ಮಿಸ್ಸಿಂಗ್ ಇಲ್ಲ.
ಹುಚ್ಚನಂತೆ ನಕ್ಕೆ: "ಕೇಳಿ ಡಾಕ್ಟರೇ, ಖುಷಿಯಾಗಿದೆ ಇದಕ್ಕೆ!"
ಅವರು ತಲೆ ಎತ್ತಲಿಲ್ಲ.
"ನೋವಿಗೂ ಹೀಗೇ ಮಾಡ್ತವೆ. ಹೆದರಿಕೆಗೂ.
ತಮ್ಮನ್ನು ತಾವೇ ತಟ್ಟಿ ಮಲಗಿಸಿಕೊಳ್ಳೋದು ಅಂತ ಇಟ್ಟುಕೊಳ್ಳಿ.
ಗಟ್ಟಿ ಹಿಡೀರಿ."

ಹಿಡಿದೆ.
ಮೂರು ವರ್ಷ ಕಾದ ಸದ್ದು ಕೈಯೊಳಗೆ.
ನಿಲ್ಲಲಪ್ಪ ನಿಲ್ಲಲಿ ಎಂದು ಬೇಡಿಕೊಂಡೆ.

ನಿಂತಿತು, ಮನೆಗೆ ಬಂದ ಎರಡನೇ ದಿನ,
ಗಂಜಿ ನೀರಲ್ಲಿ ಕಿವುಚಿದ ತಾರ್ಲೆ ತಿಂದ ಮೇಲೆ.

ಹುಟ್ಟಾ ಹಾಗೇ ಇರುವ ಬೆಕ್ಕುಗಳೂ ಉಂಟಂತೆ, ಕಾರಣವೇ ಬೇಡ,
ಒಂದೊಂದು ಮನೆಯಲ್ಲಿ ಮಾತಾಡದ ಮಾವ ಇರುವ ಹಾಗೆ.
ಎಲೆ ಅಡಿಕೆ ತಟ್ಟೆಯನ್ನು ನಿಮ್ಮ ಕಡೆ ಸರಿಸಿದರೆ
ಅದೇ ಅವನ ಭಾಷಣ.

ರಾತ್ರಿ ನಾನು ಅಂಗಿ ಕಳಚಿ ಮೂಲೆಗೆ ಎಸೆದರೆ
ಡೀಸೆಲ್ ವಾಸನೆಗೆ ಬಂದು ಅದರ ಮೇಲೇ ಮಡಚಿಕೊಳ್ಳುತ್ತದೆ.
ಹೊರಗೆ ಕೊನೆಯ ಬೋಟು ದಕ್ಕೆಗೆ ತಾಗಿ ಬಂದ್ ಆಗುತ್ತದೆ.
ಬಂದ್ ಆದ ಇಂಜಿನ್ ಬಹಳ ಹೊತ್ತು ಬೆಚ್ಚಗಿರುತ್ತದೆ,
ಕೈ ಇಟ್ಟವರಿಗೆ ಗೊತ್ತು.

ಕೈ ಇಡುತ್ತೇನೆ.
ಒಳಗಿನಿಂದ ಹೆಂಡತಿ ಕರೆಯುತ್ತಾಳೆ.
ಎರಡನೇ ಸಲಕ್ಕೆ ಕೇಳುತ್ತದೆ.