ನಗುವನಹಳ್ಳಿ ಸ್ಟೇಜು

ವರ್ಷದ ಕೊನೆಗೆ ತುಂಬಿಕೊಡುವ ಹಾಳೆ ಬಂದಿದೆ.
ಎಷ್ಟು ಮಂದಿ ಬಂದರು, ಎಷ್ಟು ಸಲ, ಎಷ್ಟು ಗುಣ.
ಕೊನೆಯ ಖಾನೆ: ಈ ವರ್ಷ ನೀವು ಕಲಿತದ್ದು.
ಒಂದೂವರೆ ಗೆರೆ ಜಾಗ ಬಿಟ್ಟಿದ್ದಾರೆ.

ಮಂಡ್ಯದ ಆಸ್ಪತ್ರೆ, ಮೊದಲ ಮಹಡಿ, ಮಾತಿನ ಕೋಣೆ.
ಎಕ್ಸ್‌ರೇಗೆ ಬಂದವರು ದಾರಿ ತಪ್ಪಿ ಇಣುಕುತ್ತಾರೆ.
ಕಬ್ಬು ಅರೆಯುವ ತಿಂಗಳಲ್ಲಿ ಕಿಟಕಿ ತೆರೆದರೆ ಕಾಕಂಬಿ ವಾಸನೆ,
ಮುಚ್ಚಿದರೆ ಫಿನಾಯಿಲು.
ಮೇಜಿನ ಮೇಲೆ ಚಿತ್ರದ ಕಾರ್ಡು: ಬಾಳೆಹಣ್ಣು, ಕುರ್ಚಿ, ಛತ್ರಿ,
ಈ ಜಿಲ್ಲೆಯಲ್ಲಿ ಯಾರೂ ಕಂಡಿರದ ಒಂದು ಹಿಮದ ಮನೆ.

ಹೋದ ಜನವರಿಯಲ್ಲಿ ನಾನು ಮಾತು ಕಲಿಸುವವಳು.
ಎದುರಿನವರು ತಡವರಿಸಿದರೆ ಸಾಕು,
ನನ್ನ ನಾಲಿಗೆ ಓಡಿಹೋಗಿ ಪದವನ್ನು ಎತ್ತಿಕೊಡುತ್ತಿತ್ತು,
ಬಿದ್ದ ಮಗುವನ್ನು ಎತ್ತಿದ ಹಾಗೆ,
ಅದು ಏಳುವುದನ್ನು ಕಲಿಯುತ್ತಿತ್ತೋ ಏನೋ.
ಮಾರ್ಚಿಗೆಲ್ಲ ಡ್ರಾಯರಿನಲ್ಲಿ ಬ್ಯಾಂಕ್ ಪರೀಕ್ಷೆಯ ಪುಸ್ತಕ,
ಎರಡು ರೈಲು ಎದುರುಬದುರು ಓಡುವ ಲೆಕ್ಕದ ಪುಟಕ್ಕೆ
ಬಸ್ ಟಿಕೆಟ್ಟಿನ ಗುರುತು.

ಆಗ ಬಂದವರು ಜವರಪ್ಪ, ರಿಟೈರಾದ ಕಂಡಕ್ಟರು.
ಬಲಗೈ ಮಡಿಲಲ್ಲಿ,
ಯಾರೋ ಕಾಯಲು ಕೊಟ್ಟುಹೋದ ಗಂಟಿನಂತೆ.
ಬಾಳೆಹಣ್ಣು ತೋರಿಸಿದೆ: ರೈಟ್.
ಕುರ್ಚಿ: ರೈಟ್ ರೈಟ್.
ಹೆಂಡತಿಯನ್ನೇ ತೋರಿಸಿದೆ.
ತುಂಬ ಹೊತ್ತು ನೋಡಿ, ಕಣ್ಣು ತುಂಬಿ,
ರೈಟ್.

ಮೂರು ವಾರ ನಾನು ಅವಸರದಲ್ಲಿ ಮೊದಲಕ್ಷರ ಎಸೆದೆ:
ಸ... ಸಣ್ಣ... ಸಣ್ಣತಾ...
ಆಕೆಯೇ ನನ್ನ ಮೊಣಕೈ ಹಿಡಿದರು:
"ಒಸಿ ತಡ್ಕಳಿ ಕಣವ್ವ.
ಮೂವತ್ತೊಂದ್ ವರ್ಸ ಜನ ಇಳ್ಯೋಗಂಟ ಕಾದವ್ರೆ ಅವ್ರು.
ಅವ್ರಿಗ್ ಒಬ್ರಾದ್ರೂ ಕಾಯ್ಬೇಡ್ವಾ?"

ಕಾರ್ಡು ಒಳಗಿಡಲು ಡ್ರಾಯರು ಎಳೆದಾಗ
ಪುಸ್ತಕ ಜಾರಿ ಟಿಕೆಟ್ಟು ಬಿತ್ತು.
ಎಡಗೈಯಲ್ಲಿ ಎತ್ತಿಕೊಂಡರು.
ಮಾಸಿದ ಅಕ್ಷರವನ್ನು ಬೆಳಕಿಗೆ ಹಿಡಿದರು.
ಉದ್ದಕ್ಕೆ ಮಡಿಸಿ ಬೆರಳ ಸಂದಿಗೆ ಸಿಕ್ಕಿಸಿಕೊಂಡು
ಬಾಗಿಲ ಕಡೆ ತಿರುಗಿ:

ನಗುವನಹಳ್ಳಿ.
ಪಟ್ಟಣ.
ಬಾಬುರಾಯನಕೊಪ್ಪಲು, ಕಿರಂಗೂರು, ಗಣಂಗೂರು,
ಯಾರ್ರೀ ಇಳಿಯೋರು, ಮುಂದಕ್ ಬನ್ನಿ

ಅಷ್ಟಕ್ಕೆ ನಿಂತಿತು.
ಮುಂದಿನ ಊರು ನನಗೆ ಗೊತ್ತು. ದಿನವೂ ದಾಟುವ ಊರು.
ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ.
ಫ್ಯಾನು ಸುತ್ತಿತು. ಹೊರಗೆ ಸ್ಟ್ರೆಚರಿನ ಒಂದು ಚಕ್ರ ಕಿರುಗುಟ್ಟಿ ದೂರವಾಯಿತು.
ನಾನು ಎಣಿಸುತ್ತಿದ್ದೆ, ಎಷ್ಟಕ್ಕೆ ಬಿಟ್ಟೆನೋ.

ತೂಬು, ಅಂದರು.
ಆಮೇಲೆ, ಬಹಳ ಆಮೇಲೆ,
ಕೆರೆ.

ಇದು ಮಾತಲ್ಲ, ಬರೀ ರೂಢಿ, ಗಾಡಿ ಸವೆಸಿದ ಜಾಡು
ಎನ್ನುತ್ತದೆ ಓದಿದ ಪಾಠ. ಹಾಗೆ ಬರೆದೇ ನಾನು ಅಂಕ ತೆಗೆದದ್ದು.
ಜವರಪ್ಪ ಗುಣವಾಗಿಲ್ಲ.
ಡಿಸೆಂಬರಿಗೆ ಒಟ್ಟು ಒಂಬತ್ತು ಪದ, ಅದರಲ್ಲೊಂದು ಬೈಗುಳ.
ಹೆಂಡತಿಯ ಹೆಸರು ಇವತ್ತಿಗೂ ಬಾರದು.
ತವರು ಶ್ರೀರಂಗಪಟ್ಟಣವಂತೆ ಆಕೆಯದು.
"ಪಟ್ಟಣ," ಎನ್ನುತ್ತಾರೆ, ನೀರು ಬೇಕಾದರೆ.
"ಓ," ಎನ್ನುತ್ತಾರೆ ಆಕೆ, ಹುಟ್ಟಿದಾಗಿನಿಂದ ಅದೇ ಹೆಸರೆಂಬಂತೆ.

ಬ್ಯಾಂಕಿನ ಪುಸ್ತಕ ಫಾರ್ಮಸಿಯ ಹುಡುಗನಿಗೆ ಕೊಟ್ಟೆ.
ಈಗೀಗ ನಾನು ಬೆಳಿಗ್ಗೆ ಮೆಟ್ಟಿಲನ್ನು ಎರಡೆರಡು ಹತ್ತುತ್ತೇನೆ.

ಆದರೆ ಕೆಳಗಿನ ಅರೆಯಲ್ಲಿ ತೌಸೀಫನ ಫೈಲಿದೆ.
ಗುತ್ತಲಿನವನು, ನಾಲ್ಕು ವರ್ಷ, ನಾಲ್ಕು ಸಲ ಬಂದ,
"ಬ" ಅನ್ನಲು ತುಟಿ ಕೂಡಿಸಿದ್ದ, ಅಷ್ಟೇ, ಆಮೇಲೆ ಬರಲಿಲ್ಲ.
ಬರಲಿ, ಕಾಯೋಣ ಎಂದುಕೊಂಡು ಎಂಟು ತಿಂಗಳು.
ಕಾಯುವುದೇ ಬೇರೆ, ಬಿಟ್ಟುಬಿಡುವುದೇ ಬೇರೆ.
ಇದನ್ನು ಯಾವ ಖಾನೆಯಲ್ಲಿ ಬರೆಯಲಿ?

ಸಂಜೆಯ ಬಸ್ಸು ಮೈಸೂರಿಗೆ.
ಊರುಗಳೆಲ್ಲ ಹಿಂದುಮುಂದಾಗಿ ಬರುತ್ತಿವೆ.
ಹಾಳೆ ಚೀಲದಲ್ಲಿ, ಫೋನು ಕಿವಿಯಲ್ಲಿ,
ಗುತ್ತಲಿನ ಯಾವುದೋ ಮನೆಯಲ್ಲಿ ಅದು ರಿಂಗಾಗುತ್ತಿದೆ.
ನಗುವನಹಳ್ಳಿ ಸ್ಟೇಜಿನಲ್ಲಿ ಮುದುಕಿಯೊಬ್ಬಳು ಇಳಿಯುತ್ತಿದ್ದಾಳೆ,
ಒಂದು ಕಾಲು ಇನ್ನೂ ಮೆಟ್ಟಿಲ ಮೇಲೆ.
ರೈಟ್ ಅನ್ನಲು ಬಾಯಿ ತೆರೆದ ಕಂಡಕ್ಟರು ಹುಡುಗ
ಇನ್ನೂ ಅಂದಿಲ್ಲ.